ಸನ್ಯಾಸಿಗೊಂದು ಚಿಪ್ಪು

ನಾನು ಒಂದು ಏಡಿ. ಹುಟ್ಟಿದ್ದು ಅರಬ್ಬಿ ಸಮುದ್ರದಲ್ಲಿ. ನನ್ನೊಡನೆ ತೇಲುತ್ತಿದ್ದ ಮರಿಗಳಲ್ಲಿ ಹೆಚ್ಚಿನವನ್ನು ಮೀನುಗಳು ನುಂಗಿದವು. ನನ್ನ ಮುಂಭಾಗಕ್ಕೆ ಗಟ್ಟಿ ಕವಚವಿದೆ, ಇಕ್ಕುಳದಂಥ ಮುಂಗಾಲುಗಳಿವೆ. ಹೊಟ್ಟೆ ಮಾತ್ರ ಬೆತ್ತಲೆ. ಅದನ್ನು ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ಅಡಗಿಸಿಕೊಂಡೇ ನಾವು ಬದುಕಬೇಕು. ಮೈ ಬೆಳೆದಂತೆ ದೊಡ್ಡ ಚಿಪ್ಪು ಬೇಕು, ಸಿಗದಿದ್ದರೆ ಸಾವು. ಚಿಪ್ಪು ಹೊತ್ತು ಅಲೆಯುವುದನ್ನು ನೋಡಿ ಮನುಷ್ಯರು ನಮಗೆ ಸನ್ಯಾಸಿ ಏಡಿ ಎಂದು ಹೆಸರಿಟ್ಟಿದ್ದಾರೆ.

ಸಮುದ್ರ ಇಳಿತದ ಹೊತ್ತಿನಲ್ಲಿ ಬಂಡೆಯ ಸಂದಿನಿಂದ ನನ್ನನ್ನು ಹೆಕ್ಕಿದವರು ಮಂಗಳೂರಿನ ಮೀನಿನ ತೊಟ್ಟಿಯ ಅಂಗಡಿಗೆ ಮಾರಿದರು. ಅಲ್ಲಿಗೆ ಮೂಡಬಿದಿರೆಯಿಂದ ಕನ್ನಡಕದ ಅಂಗಡಿಯ ಧರಣೇಂದ್ರ, ಹೆಂಡತಿ ಸುಮತಿಯೊಂದಿಗೆ ಬಂದರು.

"ನಮ್ಮ ತೊಟ್ಟಿಯ ಮರಳಿನ ಮೇಲೆ ಕಂದು ಪಾಚಿ ಮಾರಾಯ್ರೆ. ಎಷ್ಟು ಕೆರೆದ್ರೂ ಮತ್ತೆ ಬರ್ತದೆ," ಎಂದರು ಧರಣೇಂದ್ರ.

ಅಂಗಡಿಯವನು ನನ್ನನ್ನು ತೋರಿಸಿದ.

"ಇದು ಬೇರೆ ಜೀವವನ್ನು ಕೊಲ್ಲುದಿಲ್ಲ ಅಲ್ವಾ? ಕೊಲ್ಲುವಂಥದ್ದು ನಮಗೆ ಬೇಡ," ಎಂದರು ಸುಮತಿ.

"ಸನ್ಯಾಸಿ ಅಮ್ಮಾ ಇವ. ಪಾಚಿ ತಿಂದ್ಕೊಂಡು ಮೂಲೆಯಲ್ಲಿ ಇರ್ತಾನೆ."

ಆ ಒಂದು ಹೆಸರಿಗೆ ಅವರು ಒಪ್ಪಿಬಿಟ್ಟರು.

ಅವರ ಕನ್ನಡಕದ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದ ಸಣ್ಣ ಗಾಜಿನ ತೊಟ್ಟಿ ನನ್ನ ಮನೆಯಾಯಿತು. ಅಲ್ಲಿ ಎರಡು ಕಿತ್ತಳೆ ಮೀನುಗಳಿದ್ದವು. ಮರಳಿನ ಪಾಚಿ ಮೇಯುವ ಮೂರು ಬಸವನಹುಳುಗಳಿದ್ದವು. ನಾನೂ ಮೇಯ್ದೆ. ಮರಳು ಬೆಳ್ಳಗಾಯಿತು, ನಾನು ದಪ್ಪಗಾದೆ, ಚಿಪ್ಪು ಬಿಗಿಯಾಯಿತು. ಹೊರಗೆ ಉಳಿದ ಹೊಟ್ಟೆಯನ್ನು ಮೀನುಗಳು ಕಚ್ಚತೊಡಗಿದವು. ತೊಟ್ಟಿಯಲ್ಲಿ ಖಾಲಿ ಚಿಪ್ಪು ಒಂದೂ ಇರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡ ಬಸವನಹುಳುವನ್ನು ಮಗುಚಿ ಹಾಕಿದೆ. ಅದು ಒಳಸರಿದು ಚಿಪ್ಪಿನ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಇಕ್ಕುಳ ಒಳಗೆ ತೂರಿಸಿ ಮಾಂಸವನ್ನು ಎಳೆದೆ. ಅದು ಚಿಪ್ಪನ್ನು ಬಿಡಲಿಲ್ಲ. ನಾನೂ ಬಿಡಲಿಲ್ಲ. ಚೂರುಚೂರಾಗಿ ಹೊರಗೆ ಬಂತು. ಇನ್ನೇನು ಚಿಪ್ಪಿನೊಳಗೆ ಹೋಗಬೇಕು, ಮೇಲಿನಿಂದ ಚಿಮಟ ಇಳಿಯಿತು.

"ಪಾಪ, ಸತ್ತಿದೆ," ಎಂದರು ಸುಮತಿ. ಆ ಚಿಪ್ಪನ್ನು ಒಯ್ದು ಅಂಗಡಿಯ ಹಿಂದಿನ ದಾಸವಾಳದ ಬುಡದಲ್ಲಿ ಹೂತರು. ಸತ್ತ ಜೀವಕ್ಕೆ ಅದು ಅವರ ಮರ್ಯಾದೆ.

ಹೀಗಾಗಿ ಎರಡನೆಯದನ್ನೂ ಕೊಂದೆ. ಅದರ ಚಿಪ್ಪೂ ದಾಸವಾಳದ ಬುಡ ಸೇರಿತು. ಮೇಯುವವರು ಕಡಿಮೆಯಾದರು. ಕಿಟಕಿಯ ಬಿಸಿಲು ಹಾಗೆಯೇ ಬೀಳುತ್ತಿತ್ತು, ಧರಣೇಂದ್ರ ಮೀನಿಗೆ ಹಾಕುವ ಕಾಳೂ ಕಡಿಮೆಯಾಗಲಿಲ್ಲ. ಮರಳು ಪುನಃ ಕಂದಾಯಿತು.

"ಪಾಚಿಯ ವಿಷಕ್ಕೇ ಸಾಯ್ತಿವೆ," ಎಂದರು ಧರಣೇಂದ್ರ.

"ಇನ್ನೊಂದು ಸತ್ತರೆ ಈ ತೊಟ್ಟಿ ಇಲ್ಲಿ ಬೇಡ. ಎಲ್ಲವನ್ನೂ ಸಮುದ್ರಕ್ಕೆ ಬಿಟ್ಟು ಬನ್ನಿ," ಎಂದರು ಸುಮತಿ.

ಮೀನುಗಳು ನನ್ನ ಹೊಟ್ಟೆಯ ಚರ್ಮ ಹರಿದಿದ್ದವು. ಉಳಿದದ್ದು ಒಂದೇ ಬಸವನಹುಳು. ನಡುಹಗಲಲ್ಲಿ ಅದರ ಮೇಲೆ ಬಿದ್ದೆ.

ಗಾಜಿನಾಚೆ ಸುಮತಿ ಭೂತಗನ್ನಡಿ ಹಿಡಿದು ನಿಂತಿದ್ದರು.

"ನೋಡಿ ಇಲ್ಲಿ, ನಿಮ್ಮ ಸನ್ಯಾಸಿಯ ಕೆಲಸ!"

"ತೆಗೆದು ಹೊರಗೆ ಬಿಸಾಡುವಾ," ಎಂದು ಧರಣೇಂದ್ರ ಚಿಮಟ ತೆಗೆದುಕೊಂಡರು. ಬಸವನಹುಳುವಿನಿಂದ ನನ್ನನ್ನು ಬಿಡಿಸಿ ಮೇಲೆತ್ತಿದರು. ಭೂತಗನ್ನಡಿ ಹತ್ತಿರ ಬಂತು.

"ನಿಲ್ಲಿ. ಇವನ ಹೊಟ್ಟೆ ನೋಡಿ. ಅಂಗಿ ಸಾಲುದಿಲ್ಲ ಇವನಿಗೆ," ಎಂದರು ಸುಮತಿ. ಭೂತಗನ್ನಡಿ ಕೆಳಗಿಟ್ಟರು. "ಅಂಗಿ ಸಿಕ್ಕಿದಾಗಲೆಲ್ಲ ನಾನೇ ಕಿತ್ಕೊಂಡೆನಲ್ಲ."

ದಾಸವಾಳದ ಬುಡ ಅಗೆದು, ಎರಡೂ ಚಿಪ್ಪುಗಳನ್ನು ಕುದಿಸಿ, ತಣಿಸಿ ಮರಳಿನ ಮೇಲೆ ಇಟ್ಟರು. ನಾನು ದೊಡ್ಡದನ್ನು ತಡವಿ ನೋಡಿ ಒಳಗೆ ಸೇರಿದೆ.

ಈಗ ನನಗೆ ವಯಸ್ಸಾಗಿದೆ. ಕಿಟಕಿಗೆ ಪರದೆ ಬಂದಿದೆ, ಕಾಳು ಚಿಟಿಕೆಯಷ್ಟೇ ಬೀಳುತ್ತದೆ. ಮರಳು ಬೆಳ್ಳಗಿದೆ. ಬದುಕುಳಿದ ಬಸವನಹುಳುವೂ ನಾನೂ ಆ ಬದಿ ಈ ಬದಿ ಮೇಯುತ್ತೇವೆ. ನಾನು ಹತ್ತಿರ ಸರಿದರೆ ಅದು ಇವತ್ತಿಗೂ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದು ತಪ್ಪೆಂದು ನಾನು ಹೇಳಲಾರೆ. ನಾನು ಮೊದಲು ಕೊಂದ ಹುಳುವಿನ ಮನೆಯೊಳಗೇ ದಿನಾ ಮಲಗುವುದು.