ಜಾಮ್ ಹಣ್ಣಲ್ಲ, ಭಾವ!

ಬೀದಿಯವರೆಲ್ಲ ಬನ್ನಣ್ಣ ಎಂದು ಕರೆಯುವ ಬೇಕರಿಯವನು ಅಂದು ಆಸ್ಪತ್ರೆಯಿಂದ ಬಂದವನೇ ಹೆಂಡತಿಯ ಮುಂದೆ ಗೋಳು ತೋಡಿಕೊಂಡ. ರಕ್ತದಲ್ಲಿನ ಸಕ್ಕರೆ ಮಧುಮೇಹದ ಅಂಚಿಗೆ ಬಂದು ನಿಂತಿದೆಯಂತೆ. ಮೂರು ತಿಂಗಳು ಊಟ ಸರಿಮಾಡಿಕೊಂಡು ದಿನಾ ನಡೆಯಿರಿ, ಇಳಿಯದಿದ್ದರೆ ಮಾತ್ರೆ ಶುರುಮಾಡೋಣ ಎಂದಿದ್ದರು ಡಾಕ್ಟರು.

"ಮಾತ್ರೆ ಹಾಳಾಗ್ಲಿ ಕಣೇ! ಕೇಕಿನ ರುಚಿ ನೋಡೋ ಹಾಗಿಲ್ಲ ಅಂದ್ಬಿಟ್ರೆ? ರುಚಿ ನೋಡ್ದೆ ನಾನು ಗಿರಾಕಿಗೆ ಏನೂ ಕೊಟ್ಟವನಲ್ಲ!"

"ರುಚಿ ನೋಡೋದು ಬೇರೆ, ಹೊಟ್ಟೆ ತುಂಬಿಸ್ಕೊಳ್ಳೋದು ಬೇರೆ ರೀ," ಎಂದಳು ಹೆಂಡತಿ.

ಅದೂ ನಿಜವೇ. ಮುರಿದ ರಸ್ಕು, ಸೀದ ಬನ್ನು, ಮೂಲೆ ಹಾರಿದ ಪಫ್ಫು, ಯಾವುದನ್ನೂ ಎಸೆಯಲು ಅವನಿಗೆ ಮನಸ್ಸು ಬಾರದು. ಎಲ್ಲವೂ ಅವನ ಹೊಟ್ಟೆಗೇ ಹೋಗುತ್ತಿತ್ತು.

ಅಷ್ಟರಲ್ಲಿ ನಾದಿನಿ ಬಂದಳು. ಆರೋಗ್ಯ ಕೇಂದ್ರದಲ್ಲಿ ನರ್ಸು, ಭಾವನ ಕಾಲೆಳೆಯುವುದರಲ್ಲಿ ಎತ್ತಿದ ಕೈ.

"ಭಾವ, ದಿನಾ ಹಣ್ಣು, ತರಕಾರಿ ತಿಂತೀರಾ?"

"ಓಹೋ! ಬೆಳಿಗ್ಗೆ ಜಾಮ್ ಬನ್ನು. ಜಾಮ್ ಹಣ್ಣಿಂದಲೇ ತಾನೇ ಮಾಡೋದು? ಮಧ್ಯಾಹ್ನ ವೆಜಿಟೇಬಲ್ ಪಫ್ಫು. ಸಂಜೆ ಟೂಟಿ ಫ್ರೂಟಿ ಕೇಕು. ಇನ್ನೆಷ್ಟು ತಿನ್ಲಿ?"

ಅಕ್ಕ ತಂಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಜಾಮಿಗೆ ಸಕ್ಕರೆ ಎಷ್ಟು ಸುರೀತೀರಿ?"

ಬನ್ನಣ್ಣ ತಲೆ ಕೆರೆದುಕೊಂಡ. "ಹಣ್ಣಿನಷ್ಟೇ."

"ಪಫ್ಫಲ್ಲಿ ತರಕಾರಿ?"

"ಆಲೂಗಡ್ಡೆ... ಅಲ್ಲೊಂದು ಇಲ್ಲೊಂದು ಬಟಾಣಿ."

"ಆಲೂಗಡ್ಡೆ ಈ ಲೆಕ್ಕಕ್ಕೆ ಬರಲ್ಲ ಭಾವ. ತಟ್ಟೇಲಿ ಅರ್ಧ ಭಾಗ ತರಕಾರಿ ಇರ್ಲಿ. ಸೊಪ್ಪು, ಬೀನ್ಸು, ಕ್ಯಾರೆಟ್ಟು, ಹೂಕೋಸು, ಯಾವುದು ಅಗ್ಗವೋ ಅದು. ಇನ್ನರ್ಧದಲ್ಲಿ ಅನ್ನ, ಜೊತೆಗೆ ಬೇಳೆನೋ ಮೊಟ್ಟೆನೋ. ಹಸಿವಾದ್ರೆ ರಸ್ಕು ಬಿಟ್ಟು ಒಂದು ಸೀಬೆಹಣ್ಣು ತಿನ್ನಿ. ಜ್ಯೂಸ್ ಬೇಡ, ಕಚ್ಚಿ ತಿನ್ನಿ. ನಾರು ಸಿಗುತ್ತೆ, ಹೊಟ್ಟೆ ತುಂಬುತ್ತೆ, ಸಕ್ಕರೆನೂ ದಿಢೀರ್ ಅಂತ ಏರಲ್ಲ."

"ಹಣ್ಣಿನ ಚೀಲ ಹಿಡ್ಕೊಂಡು ಬಂದ್ರೆ, ಯಾರಿಗೆ ಹುಷಾರಿಲ್ಲ ಅಂತಾರಲ್ಲೇ ಜನ!"

"ಹುಷಾರು ತಪ್ಪಬಾರ್ದು ಅಂತಾನೇ ತಗೊಂಡೆ ಅನ್ನಿ!"

ಮೊದಲ ವಾರ ಬನ್ನಣ್ಣ ಹೆಂಡತಿಯ ಮೇಲೆ ಗೊಣಗಿದ್ದೇ ಗೊಣಗಿದ್ದು. "ಆಡಿಗೆ ಹಾಕ್ದಂಗೆ ಸೊಪ್ಪು ಹಾಕ್ತೀಯಲ್ಲೇ!" ಆಮೇಲೆ ಒಂದು ದಿನ ಬನ್ನು ಬೆಂದು ಮುಗಿದ ಮೇಲೆ, ಇನ್ನೂ ಬಿಸಿ ಆರದ ಒಲೆಯೊಳಗೆ ಒಂದು ತಟ್ಟೆ ಕುಂಬಳಕಾಯಿ, ಕ್ಯಾರೆಟ್ಟು, ಹೂಕೋಸು ತಳ್ಳಿದ. ಚೂರು ಎಣ್ಣೆ, ಉಪ್ಪು, ಮೆಣಸಿನ ಪುಡಿ. ಆಹಾ, ಆ ಘಮ! ಬ್ರೆಡ್ಡಿಗೆ ಬಂದವರು ಮೂಗರಳಿಸಿ ನಿಂತರು. "ಅಣ್ಣಾ, ಹೊಸ ಐಟಮ್ಮಾ? ನಮಗೂ ಕೊಡಿ!" ಬನ್ನಣ್ಣ ಉಬ್ಬಿಹೋದ. ಮುರಿದ ರಸ್ಕನ್ನು ತಾನು ತಿನ್ನದೆ, ಕಟ್ಲೆಟ್ಟಿಗೆಂದು ಪುಡಿ ಮಾಡಿ ಮಾರತೊಡಗಿದ. ಸಂಜೆ ಹೆಂಡತಿಯ ಜೊತೆ ನಡೆಯಲು ಹೊರಟ.

ಮೂರು ತಿಂಗಳಾಯಿತು. ಡಾಕ್ಟರ ಮುಂದೆ ಕುಳಿತಾಗ ಹೆಂಡತಿಯ ಕೈ ಬಿಗಿಯಾಗಿ ಹಿಡಿದಿದ್ದ.

"ಸಕ್ಕರೆ ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ. ಇದನ್ನೇ ಬಿಡದೆ ಮುಂದುವರಿಸಿ."

"ಸಾರ್, ಕೇಕಿನ ರುಚಿ?"

"ನಾಲಿಗೆಗೆ ತಾಗುವಷ್ಟು ಮಾತ್ರ!"

ಬನ್ನಣ್ಣನ ಕಣ್ಣು ತುಂಬಿ ಬಂತು. ತನ್ನ ಕಸುಬು ಉಳಿಯಿತು ಎಂದು ಹೆಂಡತಿಯ ಮುಖ ನೋಡಿದ. ಅವಳೋ ಗಂಡ ಉಳಿದನಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಣ್ಣಂದಿರೇ, ಅಕ್ಕಂದಿರೇ, ಹಣ್ಣು ತರಕಾರಿ ಮಕ್ಕಳಿಗೆ, ರೋಗಿಗಳಿಗೆ ಮಾತ್ರ ಅಲ್ಲ. ದುಡಿಯುವ ನಮಗೂ ಬೇಕು. ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಇವತ್ತು ಊಟಕ್ಕೆ ಕೂತಾಗ ತಟ್ಟೆ ನೋಡಿಕೊಳ್ಳಿ. ಅರ್ಧ ತರಕಾರಿ ಇಲ್ಲವೇ? ನಾಳೆಗೆ ಬಿಡಬೇಡಿ. ಈಗಲೇ ಇನ್ನೊಂದು ಸೌಟು ಬಡಿಸಿಕೊಳ್ಳಿ!