ಕೆಂಪಾಗಿಯೇ ಉಳಿದ ಚೌಕ

ಊಟದ ಡಬ್ಬಿ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟು ಮೇಡಂ ತಿರುಗಿದಾಗ, ಬಾಗಿಲಲ್ಲಿ ಮಾವನ ಹೆಂಡತಿ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ.

ಹುಟ್ಟು ಸಾವಿನ ಪ್ರಮಾಣಪತ್ರ ಕೊಡುವ ಸರ್ಕಾರಿ ಕಚೇರಿ ಅದು. ಕೆಳಗೆ ಕೌಂಟರುಗಳು, ಜನರ ಸಾಲು. ಮಹಡಿಯ ಮೇಲೆ ಆ ಕೌಂಟರುಗಳಿಗೆ ಜೀವ ಕೊಡುವ ಕಂಪ್ಯೂಟರ್ ವಿಭಾಗ. ಮೇಡಂ ಅದರ ಮುಖ್ಯಸ್ಥೆ. ಮೂಲೆಯ ಗಾಜಿನ ಕೋಣೆಯಲ್ಲಿದ್ದ ಹಳೆಯ ಸರ್ವರಿಗೆ ಅಲ್ಲಿಯವರು ಇಟ್ಟ ಹೆಸರು ಅಳಿಯ. ಎಷ್ಟು ಉಪಚಾರ ಮಾಡಿದರೂ ಅದು ಮುನಿಸಿಕೊಂಡು ಕೂರುತ್ತಿತ್ತು. ಅದರ ಮುನಿಸು ತೀರಿಸಬಲ್ಲ ಹಿರಿಯ ಎಂಜಿನಿಯರ್, ಹಾಗಾಗಿ, ಎಲ್ಲರಿಗೂ ಮಾವ. "ಏಳಪ್ಪಾ ಅಳಿಯ, ಜನರ ಮುಂದೆ ಮರ್ಯಾದೆ ಕಳೀಬೇಡ" ಎಂದು ಅವರು ಗಾಜು ತಟ್ಟಿದರೆ ಇಡೀ ವಿಭಾಗ ನಗುತ್ತಿತ್ತು.

ಆ ಮಾವ ಹೋದ ತಿಂಗಳು ತೀರಿಕೊಂಡಿದ್ದರು. ಬೆಳಗಿನ ಹೊತ್ತು, ಮನೆಯಲ್ಲಿ, ತೆರೆದ ಲ್ಯಾಪ್‌ಟಾಪಿನ ಮುಂದೆ ಕುಳಿತಲ್ಲೇ ದೇವರು ಅವರನ್ನು ಕರೆದುಕೊಂಡಿದ್ದ.

"ಇದು ಆಫೀಸಿನ ಫೋನು," ಎಂದು ಆಕೆ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಚಾರ್ಜರಿನ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ ದಾರ ಕಟ್ಟಿದ್ದರು. "ಆಗಲೇ ಕೊಡಬೇಕಿತ್ತು. ಆರಿಸೋಕೆ ಮನಸ್ಸಾಗಲಿಲ್ಲ. ಅದು ಬಡ್ಕೊಂಡ್ರೆ, ಪಕ್ಕದ ಕೋಣೇಲಿ ಅವರು ಎದ್ದು ಕೂತಿದಾರೆ ಅನ್ಸುತ್ತೆ."

ಅಳಿಯ ಮುನಿದಾಗ ತಾನಾಗಿಯೇ ಬಡಿದುಕೊಳ್ಳುವ ಸರದಿ ಫೋನು ಅದು. ವಿಭಾಗದಲ್ಲಿ ಜನ ತುಂಬಿದ್ದ ಕಾಲಕ್ಕೆ ಪ್ರತಿ ಸೋಮವಾರ ಕೈ ಬದಲಿಸುತ್ತಿತ್ತು. ಕೊಡುವವರು "ಅಳಿಯ ಜೋಪಾನ" ಎನ್ನುವುದು, ತೆಗೆದುಕೊಳ್ಳುವವರು ನಿಟ್ಟುಸಿರು ಬಿಡುವುದು, ಎಲ್ಲ ಒಂದು ಆಟದ ಹಾಗೆ. ಆಮೇಲೆ ಒಬ್ಬರು ನಿವೃತ್ತರಾದರು, ಒಬ್ಬರಿಗೆ ವರ್ಗವಾಯಿತು, ಉಳಿದವರು ಬೇರೆ ಕೆಲಸ ನೋಡಿಕೊಂಡರು. ಕುರ್ಚಿಗಳು ಉಳಿದವು, ಕೂರುವವರು ಬರಲಿಲ್ಲ. ಫೋನು ಮಾವನ ಜೇಬಿನಲ್ಲೇ ನಿಂತುಬಿಟ್ಟಿತು. "ನಂಗೆ ಹೇಗೂ ನಿದ್ದೆ ಕಮ್ಮಿ. ಇರ್ಲಿ ಬಿಡಿ ಮೇಡಂ" ಎಂದಿದ್ದರು. ಮೇಡಂ ಬಿಟ್ಟಿದ್ದರು.

"ಎದೆ ಹಿಡ್ಕೊಳ್ತಿತ್ತು ಅವರಿಗೆ," ಆಕೆ ಹೇಳಿದರು. "ಡಾಕ್ಟರ ಹತ್ರ ಹೋಗೋಣ ಅಂದ್ರೆ, ಮೇಡಂ ಒಬ್ರೇ ಆಗ್ತಾರೆ ಅನ್ನೋರು." ದೂರುವ ದನಿಯಾಗಿರಲಿಲ್ಲ ಅದು. "ಸರಿ, ಕೆಳಗೆ ಸಾಲಿನಲ್ಲಿ ನಿಲ್ತೀನಿ. ಅವರ ಮರಣಪತ್ರ ತಗೋಬೇಕು."

"ನಾನೇ ತರಿಸಿಕೊಡ್ತೀನಿ, ಕೂತ್ಕೊಳ್ಳಿ."

"ಬೇಡಮ್ಮ. ಸಾಲು ತಪ್ಪಿಸಿದ್ರೆ ಅವರಿಗೆ ಹಿಡಿಸ್ತಿರಲಿಲ್ಲ."

ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ನಿರ್ದೇಶಕರು ಬಂದರು. ಫೋನನ್ನು ಕಂಡು, "ಬಂತಾ? ಒಳ್ಳೇದಾಯ್ತು. ಗುಬ್ಬಿಗೆ ಕೊಟ್ಟುಬಿಡಿ" ಎಂದರು.

ಗುಬ್ಬಿ ಎಂದರೆ ವಿಭಾಗದಲ್ಲಿ ಉಳಿದಿದ್ದ ಒಬ್ಬಳೇ ಎಂಜಿನಿಯರ್. ಗುತ್ತಿಗೆಯ ಕೆಲಸ, ಮನೆಯಲ್ಲಿ ಹಾಲು ಕುಡಿಯುವ ಕೂಸು.

"ಸರ್, ಎಷ್ಟು ಸಲ ಜನ ಕೇಳಿದ್ದೀವಿ?" ಎಂದರು ಮೇಡಂ.

"ನಾನೇನು ಕಟುಕನೇನಮ್ಮ? ನೀವು ಬರೆದಾಗಲೆಲ್ಲ ಮೇಲಕ್ಕೆ ಕಳಿಸಿದ್ದೀನಿ. ಅವರು ಕೇಳೋದು ಒಂದೇ ಮಾತು, ಕೆಲಸ ಎಲ್ಲಿ ನಿಂತಿದೆ ತೋರ್ಸಿ ಅಂತ. ಏನು ತೋರ್ಸಲಿ?" ಅವರು ಗೋಡೆಯ ಪರದೆಯತ್ತ ಕೈ ಮಾಡಿದರು.

ಒಂದೊಂದು ಸೇವೆಗೆ ಒಂದೊಂದು ಚೌಕ. ನಡೆಯುತ್ತಿದ್ದರೆ ಹಸಿರು, ನಿಂತರೆ ಕೆಂಪು. ಕೆಂಪು ಕಂಡವರಿಲ್ಲ. ಕಾಣುವ ಮುಂಚೆಯೇ ಮಾವ, ಈ ಒಂದು ತಿಂಗಳು ಗುಬ್ಬಿ, ಹಸಿರು ಮಾಡಿರುತ್ತಿದ್ದರು. ಆ ಹಸಿರು ಮೇಡಂಗೆ ಹೆಮ್ಮೆಯಾಗಿತ್ತು. ಈಗ ಅದನ್ನು ನೋಡುತ್ತ ಅವರಿಗೆ ಬೇರೆಯೇ ಕಂಡಿತು. ಒಬ್ಬ ಮನುಷ್ಯ ಸವೆದುಹೋದದ್ದನ್ನು ಆ ಹಸಿರು ಮುಚ್ಚಿಟ್ಟಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮರಣಪತ್ರದ ಚೌಕ ಕೆಂಪಾಯಿತು. ಅಳಿಯ ಮುನಿದಿದ್ದ.

ಗುಬ್ಬಿ ಎದ್ದು ಬಂದು ಕೈ ಚಾಚಿದಳು. ಅವಳ ಕಣ್ಣುಗಳು ಗುಳಿಬಿದ್ದಿದ್ದವು. "ಕೊಡಿ ಮೇಡಂ. ಕೂಸು ಹೇಗೂ ನಿದ್ದೆ ಮಾಡೋಕೆ ಬಿಡಲ್ಲ. ಅದರ ಜೊತೆ ಇದೂ ಒಂದು" ಎಂದು ನಕ್ಕಳು.

ಮಾವ ನಕ್ಕದ್ದೂ ಹೀಗೆಯೇ.

ಮೇಡಂ ಫೋನನ್ನು ತಮ್ಮ ಮೇಜಿನ ಒಳಗಿಟ್ಟು ಬೀಗ ಹಾಕಿದರು. "ಮನೆಗೆ ಹೋಗು. ನಾಳೆ ಬೆಳಗ್ಗೆ ಬಂದು ಇಬ್ಬರೂ ನೋಡೋಣ."

"ಕೆಳಗೆ ಜನ ಕಾಯ್ತಿದಾರಲ್ರೀ!" ನಿರ್ದೇಶಕರ ದನಿ ಏರಿತು. "ಅವರ ಮುಖಕ್ಕೆ ಏನು ಹೇಳ್ತೀರಿ?"

"ನಾನೇ ಹೋಗಿ ಹೇಳ್ತೀನಿ. ನೀವು ಈ ಪರದೆಯ ಫೋಟೋ ತೆಗೆದು ಮೇಲಕ್ಕೆ ಕಳಿಸಿ ಸರ್."

ಕೆಳಗೆ ಸಾಲಿನಲ್ಲಿ ಸ್ವಲ್ಪವೇ ಜನ ಉಳಿದಿದ್ದರು. ಯಂತ್ರ ನಿಂತಿದೆ, ಸರಿಮಾಡಲು ಜನವಿಲ್ಲ, ದಯವಿಟ್ಟು ನಾಳೆ ಬನ್ನಿ ಎಂದು ಮೇಡಂ ಕೈಮುಗಿದರು. "ಸಂಬಳ ಮಾತ್ರ ನಿಲ್ಲಲ್ಲ ಅಲ್ವಾ?" ಎಂದು ಒಬ್ಬ ಮುದುಕ ಕೆಂಡ ಕಾರಿದ. ಮೇಡಂ ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯುತ್ತ ಬೈಯುತ್ತ ಎಲ್ಲರೂ ಚದುರಿದರು.

ಕೊನೆಗೆ ಬೆಂಚಿನ ಮೇಲೆ ಮಾವನ ಹೆಂಡತಿಯೊಬ್ಬರೇ ಉಳಿದರು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ನಿಮ್ಮನ್ನೂ ಬರಿಗೈಲಿ ಕಳಿಸ್ತಿದ್ದೀನಿ," ಎಂದರು ಮೇಡಂ. "ಅಳಿಯನ್ನ ಎಬ್ಬಿಸೋಕೆ ಆ ಹುಡುಗಿ ಇದ್ಲು. ನಾನೇ ಮನೆಗೆ ಕಳಿಸಿದೆ."

ಆಕೆ ಮುಚ್ಚಿದ ಕೌಂಟರಿನತ್ತ ನೋಡಿದರು.

"ಒಳ್ಳೇದು ಮಾಡಿದ್ರಿ. ನಾಳೆ ಬರ್ತೀನಿ," ಎಂದು ಎದ್ದರು. ನಾಲ್ಕು ಹೆಜ್ಜೆ ಹೋಗಿ, ತಿರುಗದೆ ನಿಂತರು. "ಅವರಿಗೂ ಒಂದು ಸಂಜೆ ಹೀಗೇ ಹೇಳಿದ್ದಿದ್ರೆ..."

ಮೇಡಂ ಹತ್ತಿರ ಹೋಗಿ ಆಕೆಯ ಕೈಯಿಂದ ಖಾಲಿ ಚೀಲವನ್ನು ತೆಗೆದುಕೊಂಡರು, ಅದಕ್ಕೇನೋ ಭಾರವಿದ್ದಂತೆ. ಇಬ್ಬರೂ ಒಟ್ಟಿಗೆ ಮುಂಬಾಗಿಲ ಮೆಟ್ಟಿಲಿಳಿದು ಬೀದಿಗೆ ಬಂದರು. ಮೇಲೆ, ಬೀಗ ಹಾಕಿದ ಮೇಜಿನೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಗೋಡೆಯ ಮೇಲೆ ಆ ಒಂದು ಚೌಕ ಕೆಂಪಾಗಿಯೇ ಇತ್ತು.