ಕೈಯಲ್ಲಿಲ್ಲದ ಕಳಾವರ್

ಊರಿಗೆಲ್ಲ ಹಲ್ಲು ಕೀಳುವ ಡಾಕ್ಟರಾದರೂ ಅವನಿಗೆ ಬ್ರಿಜ್ ಎಂಬ ಇಸ್ಪೀಟಾಟ ಕಲಿಸಿದವರು ಸೋದರತ್ತೆ. ಈ ಆಟದಲ್ಲಿ ಎದುರುಬದುರು ಕೂತ ಜೊತೆಗಾರರು ಬಾಯಿಬಿಟ್ಟು ಮಾತಾಡುವಂತಿಲ್ಲ. ತಮ್ಮ ಎಲೆಗಳ ಸುದ್ದಿಯನ್ನು ಆಟಕ್ಕೆ ಮುಂಚೆ ಕೂಗುವ ಬಿಡ್ಡಿನಲ್ಲೇ ತಿಳಿಸಬೇಕು. ಅತ್ತೆಯದು ಹಳೆಯ ಪದ್ಧತಿ: ಆಟೀನ್ ಅಂದರೆ ಕೈಯಲ್ಲಿ ಆಟೀನ್ ಎಲೆಗಳೇ ಇರಬೇಕು, ಕಳಾವರ್ ಅಂದರೆ ಕಳಾವರ್. ಕ್ಲಬ್ಬು ಸೇರಿ, ಒಂದನ್ನು ಹೇಳಿ ಇನ್ನೊಂದನ್ನು ಕೇಳುವ ಹೊಸ ಪದ್ಧತಿ ಕಲಿತ ಮೇಲೆ ಅಳಿಯನಿಗೆ ಕೊಂಬು ಮೂಡಿತ್ತು. ಆದರೂ ಕ್ಲಬ್ಬಿನ ತಂಡದ ಆಯ್ಕೆಯ ಪಂದ್ಯಕ್ಕೆ, "ನಿಮ್ಮ ಹಳೇ ರೀತೀಲೇ ಆಡೋಣ ಅತ್ತೆ," ಎಂದು ಮಾತು ಕೊಟ್ಟಿದ್ದ. ತಂಡದಲ್ಲಿ ಉಳಿಯಬೇಕೆಂಬುದೊಂದೇ ಆ ವಯಸ್ಸಿನಲ್ಲಿ ಅತ್ತೆಗಿದ್ದ ಆಸೆ.

ಪಂದ್ಯದಲ್ಲಿ ತಂಡದ ಕ್ಯಾಪ್ಟನ್ ಬಂದು ಬೆನ್ನ ಹಿಂದೆ ನಿಂತದ್ದೇ ತಡ, ಅವನಿಗೆ ಜಾಣತನ ತೋರಿಸುವ ಚಪಲ ಹತ್ತಿತು. ಅತ್ತೆ ತುರುಫಿಲ್ಲದ ಆಟವೆಂದು "ಒಂದು ನೋಟ್ರಂಪ್" ಎಂದರು. ಅವನು "ಎರಡು ಕಳಾವರ್" ಎಂದ. ಹೊಸ ಪದ್ಧತಿಯಲ್ಲಿ ಅದು ನಿಮ್ಮ ಹತ್ತಿರ ನಾಲ್ಕು ಆಟೀನ್ ಇದೆಯೇ ಎಂಬ ಪ್ರಶ್ನೆ. ಅವನ ಕೈಯಲ್ಲಿದ್ದ ಕಳಾವರ್ ಎರಡೇ ಪುಟಾಣಿ ಎಲೆ. ಕೊಟ್ಟ ಮಾತನ್ನು ನಂಬಿದ ಅತ್ತೆ "ಪಾಸ್" ಎಂದರು, ಕಳಾವರೇ ತುರುಫೆಂದು ನಿಂತಿತು, ನಿಯಮದಂತೆ ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿದರು. ಅವುಗಳಲ್ಲಿ ನಾಲ್ಕು ಒಳ್ಳೆಯ ಆಟೀನ್ ಇದ್ದವು, ಅವನ ಕೈಯ ಆಟೀನಿಗೆ ಸರಿಜೋಡಿ. ಗೆಲ್ಲಬೇಕಾಗಿದ್ದ ಆಟ ಮಣ್ಣುಪಾಲಾಯಿತು.

"ಇದಕ್ಕೆ ಯಾರಾದ್ರೂ ಪಾಸ್ ಅಂತಾರಾ ಅತ್ತೆ?" ಎಂದು ಅವನೇ ದಬಾಯಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾರಾಯ ಕುಣಿತ ಕಲಿಸಿದವರನ್ನೇ ಡೊಂಕು ಅಂದ.

"ನಿಮ್ಮಿಬ್ರಲ್ಲಿ ಏನಂತ ಮಾತಾಗಿತ್ತು?" ಎಂದು ಕ್ಯಾಪ್ಟನ್ ಕೇಳಿದರು.

ಅವನು ಮೇಜಿನ ಮೇಲಿನ ಎಲೆಗಳನ್ನು ಒಟ್ಟುಗೂಡಿಸತೊಡಗಿದ. ಅತ್ತೆ ಒಮ್ಮೆ ಅವನ ಮುಖ ನೋಡಿದರು.

"ಹೊಸ ರೀತಿ ಅಂತಾನೇ ಆಗಿತ್ತು," ಎಂದರು. "ನಾನೇ ಮರೆತೆ."

"ವಯಸ್ಸಾಯ್ತಲ್ಲಮ್ಮ, ಇನ್ನು ಆರಾಮಾಗಿರಿ," ಎಂದು ಕ್ಯಾಪ್ಟನ್ ಮೆತ್ತಗೆ ಹೇಳಿ ಅವರನ್ನು ತಂಡದಿಂದ ಕೈಬಿಟ್ಟು, ಅಳಿಯನಿಗೆ ಬೇರೆ ಜೊತೆ ಗೊತ್ತುಮಾಡಿದರು.

ಮೆಟ್ಟಿಲಿಳಿಯುವಾಗ ಅತ್ತೆ ಎಂದಿನಂತೆ ಅವನ ತೋಳು ಹಿಡಿದುಕೊಂಡರು. ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. "ಇನ್ಮೇಲೆ ರೀತಿ ಬದಲಾಯಿಸೋದಿದ್ರೆ ಮೊದಲೇ ಹೇಳಿಬಿಡಪ್ಪ," ಎಂದವರು, ಇನ್ನು ಮೇಲೆ ಎಂಬುದೇ ಇಲ್ಲವೆಂದು ನೆನಪಾಗಿ ಮೆಟ್ಟಿಲು ನೋಡಿಕೊಂಡು ಇಳಿದರು. ಅವನು ಅವರನ್ನು ಕಾರಿನಲ್ಲಿ ಕೂರಿಸಿ ಮತ್ತೆ ಮೆಟ್ಟಿಲು ಹತ್ತಿದ.

ಮೇಲೆ ಎಲ್ಲರೂ ಚಹಾ ಕುಡಿಯುತ್ತಿದ್ದರು. "ಏನಾದ್ರೂ ಮರೆತು ಹೋದ್ರಾ ಡಾಕ್ಟ್ರೇ?" ಎಂದರು ಕ್ಯಾಪ್ಟನ್.

"ಅತ್ತೆ ಏನೂ ಮರೆತಿರಲಿಲ್ಲ ಸಾರ್. ಹಳೇ ರೀತಿ ಆಡೋಣ ಅಂತ ಮಾತು ಕೊಟ್ಟಿದ್ದು ನಾನು. ಮುರಿದಿದ್ದೂ ನಾನೇ."

ಕ್ಯಾಪ್ಟನ್ ಲೋಟ ಕೆಳಗಿಟ್ಟರು.

"ಹೋಗಿ ಅವರನ್ನ ಮೇಲೆ ಕರ್ಕೊಂಡು ಬನ್ನಿ," ಎಂದರು ಕ್ಯಾಪ್ಟನ್. "ಅವರಿಗೆ ಬೇರೆ ಜೊತೆ ನೋಡೋಣ."